‘ಮೋಹನಸ್ವಾಮಿ’ಯಲ್ಲಿ ಹೆಸರಿಲ್ಲದ ಸಂಬಂಧ

ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥಾಸಂಕಲನವನ್ನು ಸಲಿಂಗಪ್ರೇಮಿಯೊಬ್ಬನ ಅಂತರಂಗದ ನಿವೇದನೆಯೆಂದು ಮಾತ್ರ ಓದಿದರೆ ಅದರ ಸಾಮಾಜಿಕ ತಾತ್ಪರ್ಯವು ಕೈತಪ್ಪುವುದೆಂದು ನಾವು ಭಾವಿಸುತ್ತೇವೆ. ಪ್ರಿಯನಾದ ಕಾರ್ತಿಕನು ಸ್ತ್ರೀಯೊಬ್ಬಳನ್ನು ವಿವಾಹವಾಗಲು ಹೊರಟಾಗ ಮೋಹನಸ್ವಾಮಿಗೆ ಉಳಿಯುವುದು ದುಃಖ. ವಿವಾಹಕ್ಕೆ ಲಗ್ನಪತ್ರಿಕೆಯುಂಟು, ಸಾಕ್ಷಿಗಳುಂಟು. ಮುರಿದುಬಿದ್ದ ಈ ಸಂಬಂಧಕ್ಕೆ ಹೆಸರೇ ಇಲ್ಲ.

ಈ ಕೊರತೆಯು ಕಥೆಗಷ್ಟೇ ಸೇರಿದುದಲ್ಲ. 1954ರ ವಿಶೇಷ ವಿವಾಹ ಕಾಯಿದೆಯು ಪುರುಷನಿಗೆ 21, ಸ್ತ್ರೀಗೆ 18 ವರ್ಷಗಳೆಂದು ವಿಧಿಸಿ, ಸ್ತ್ರೀಪುರುಷರ ಜೋಡಿಯನ್ನಷ್ಟೇ ಗ್ರಹಿಸಿದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ಕೂಡಿ ಬಾಳಬಯಸುವ ಇಬ್ಬರು ಗಂಡಸರೂ ಇಬ್ಬರು ಹೆಂಗಸರೂ, ಬೆಂಗಳೂರಿನವರಂತೆಯೇ, ಈ ನೋಂದಣಿಗೆ ಹೊರಗಿನವರು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯುಳ್ಳ ಸಲಿಂಗಸಂಬಂಧವು ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು, ವಿವಾಹವು ಮೂಲಭೂತ ಹಕ್ಕಲ್ಲವೆಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ವಿವಾಹೇತರವಾದ ನಾಗರಿಕ ಸಹಬಾಳ್ವೆಯ ಮನ್ನಣೆಯನ್ನು ಇಬ್ಬರು ಎತ್ತಿಹಿಡಿದರು, ಮೂವರು ಅದನ್ನು ಶಾಸಕಾಂಗಕ್ಕೆ ಬಿಟ್ಟರು.

ಅಪರಾಧವಲ್ಲವೆನ್ನುವುದು ಒಂದು, ಸಂಬಂಧವೆಂದು ಒಪ್ಪುವುದು ಇನ್ನೊಂದು. ಈ ಎರಡರ ನಡುವಣ ಅಂತರವನ್ನೇ ಕಥೆಯು ಅನುಭವಕ್ಕೆ ತರುತ್ತದೆ. ಕಾರ್ತಿಕನ ಅಗಲಿಕೆಯನ್ನು ಯಾವ ಕಾನೂನೂ ತಡೆಯಲಾರದು. ಉಳಿದವನ ನಷ್ಟವನ್ನು ನಷ್ಟವೆಂದು ಗುರುತಿಸಬಲ್ಲದು. ನಾಗರಿಕ ಸಹಬಾಳ್ವೆಯ ಕಾನೂನು ಅಗತ್ಯವೆನ್ನಲು ನಮಗೆ ಇಷ್ಟು ಕಾರಣವೇ ಸಾಕು.