ಶಾಲಾ ಗ್ರಂಥಾಲಯದ ತಂತ್ರಾಂಶ: ಒಂದು ವಿಮರ್ಶೆ

ಶಹಾಡಿನಂತಹ ಊರಿನ ಶಾಲೆಯಲ್ಲಿ ಕನ್ನಡ, ಮರಾಠಿ, ಹಿಂದಿ ಗ್ರಂಥಗಳು ಒಂದೇ ಕಪಾಟಿನಲ್ಲಿ ಕೂಡಿರುವುದು ಸಹಜ. ಅಲ್ಲಿಗೆ ತಂತ್ರಾಂಶವನ್ನು ಆರಿಸುವವರು ಬೆಲೆಯನ್ನೂ ಬಾರ್‌ಕೋಡನ್ನೂ ವಿಚಾರಿಸುವರು. ಹೆಸರಿನ ಪ್ರಶ್ನೆಯನ್ನು ಮರೆಯುವರು. 'ಬೇಂದ್ರೆ' ಎಂದು ಹುಡುಕಿದ ಬಾಲಕನಿಗೆ 'ಅಂಬಿಕಾತನಯದತ್ತ'ರ ಕೃತಿಗಳು ದೊರೆಯದಿದ್ದರೆ ಆ ಸೂಚಿಯಿಂದ ಏನು ಫಲ? 2000ದಲ್ಲಿ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂದ 'ಕೋಹಾ' ಉಚಿತವಾದುದು. ಯೂನಿಕೋಡಿನ ಮೂಲಕ ನಮ್ಮ ಲಿಪಿಯನ್ನು ಒಪ್ಪುವುದು. ಲೇಖಕನೊಬ್ಬನ ಹಲವು ನಾಮಗಳನ್ನು ಒಂದೆಡೆ ಬೆಸೆಯುವ ಅಧಿಕೃತ ನಾಮಪಟ್ಟಿಯ ಏರ್ಪಾಡೂ ಅದರಲ್ಲುಂಟು. ಆದರೆ ಆ ಪಟ್ಟಿಯನ್ನು ತುಂಬಬೇಕಾದವನು ಕನ್ನಡ ಬಲ್ಲ ಗ್ರಂಥಪಾಲನೇ. ಪ್ರತಿ ಓದುಗನಿಗೂ ಅವನ ಗ್ರಂಥ ದೊರೆಯಬೇಕೆಂಬುದು 1931ರಲ್ಲಿ ರಂಗನಾಥನ್ ಅವರು ಪ್ರಕಟಿಸಿದ ಸೂತ್ರಗಳಲ್ಲೊಂದು. ಆದುದರಿಂದ ಆಯ್ಕೆಗೆ ಮುನ್ನ ಹತ್ತು ಕನ್ನಡ ಪುಸ್ತಕಗಳನ್ನು ನಮೂದಿಸಿ, ಮಗುವಿನ ಕೈಯಿಂದಲೇ ಹುಡುಕಿಸಿ ನೋಡತಕ್ಕದ್ದು. ಸೂಚಿಯಲ್ಲಿ ಸಿಗದ ಪುಸ್ತಕ ಹೊರನಾಡಿನ ಮಗುವಿನ ಪಾಲಿಗೆ ಇಲ್ಲದ ಪುಸ್ತಕವೇ.