ಸಾಲಿನ ಮುಂದೆ ಅಮೀನಾ ವದೂದ್

2005ರ ಮಾರ್ಚ್ 18, ಶುಕ್ರವಾರ. ನ್ಯೂಯಾರ್ಕಿನಲ್ಲಿ ಅಮೀನಾ ವದೂದ್ ಎಂಬ ಪ್ರೊಫೆಸರ್ ಇಮಾಮ್ ಜಾಗದಲ್ಲಿ ನಿಂತು ಜುಮಾ ನಮಾಜ್ ಮಾಡಿಸಿದರು. ಹಿಂದೆ ಗಂಡಸರು, ಹೆಂಗಸರು ಸೇರಿ ನೂರಕ್ಕೂ ಹೆಚ್ಚು ಜನ. ಮಸೀದಿಗಳು ಜಾಗ ಕೊಡಲಿಲ್ಲ. ಒಪ್ಪಿಕೊಂಡಿದ್ದ ಆರ್ಟ್ ಗ್ಯಾಲರಿ ಬಾಂಬ್ ಬೆದರಿಕೆ ಬಂದ ಮೇಲೆ ಹಿಂದೆ ಸರೀತು. ಕೊನೆಗೆ ಒಂದು ಕ್ಯಾಥೆಡ್ರಲ್ ಆವರಣದ ಸಭಾಭವನವೇ ಗತಿಯಾಯ್ತು. ಟೀವಿಯವರಿಗೆ ಇಷ್ಟು ಸಾಕಿತ್ತು. ಅವರು ಹಾಗೆ ಯಾಕೆ ನಿಂತರು ಅಂತ ತಿಳಿಯೋಕೆ ಮಾತ್ರ ಮರುವರ್ಷ ಬಂದ ಅವರ ‘ಇನ್‌ಸೈಡ್ ದಿ ಜೆಂಡರ್ ಜಿಹಾದ್’ ಓದಬೇಕು.

ಸುಲಭದ ಪುಸ್ತಕ ಅಲ್ಲ. ಕೆಲವು ವಾಕ್ಯ ಮೂರು ಸಲ ಓದಿದರೂ ಕೈಗೆ ಸಿಗಲ್ಲ (ಆಫೀಸಿನ ಡಿಸೈನ್ ಡಾಕ್ಯುಮೆಂಟ್‌ಗಳೇ ವಾಸಿ ಅನ್ನಿಸಿತು).

ಈ ವಿಷಯಕ್ಕೆ ಎಲ್ಲರೂ ಮೊದಲು ಎಳೆದು ತರೋದು ಉಮ್ಮು ವರಕಾ ಕತೆ. ಮನೆಯವರಿಗೆ ನಮಾಜ್ ಮಾಡಿಸು ಅಂತ ಪ್ರವಾದಿಗಳೇ ಆಕೆಗೆ ಹೇಳಿದ್ದರು, ಅಜಾನ್ ಕೂಗೋಕೆ ಒಬ್ಬ ಮುದುಕರನ್ನೂ ನೇಮಿಸಿದ್ದರು ಅಂತ ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ. ಆ ಮುದುಕರೂ ಆಕೆಯ ಹಿಂದೆ ನಿಂತರಾ, ‘ಮನೆ’ ಅಂದ್ರೆ ಮನೆಯೋ ಕೇರಿಯೋ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಶಾಫಿ, ಹನ್ಬಲಿ ಪಂಥಗಳಲ್ಲಿ ಹೆಂಗಸರಿಗೆ ಹೆಂಗಸೇ ಇಮಾಮ್ ಆಗಬಹುದು. ಗಂಡಸರಿಗೆ ಕಡ್ಡಾಯದ ನಮಾಜ್ ಮಾಡಿಸೋದನ್ನ ನಾಲ್ಕೂ ಸುನ್ನಿ ಪಂಥಗಳು ಒಪ್ಪಲ್ಲ. ವದೂದ್ ಅವರ ಬಲ ಇರೋದು ಬೇರೆ ಕಡೆ, ತೌಹೀದ್‌ನಲ್ಲಿ. ದೇವರು ಒಬ್ಬನೇ, ಅವನಿಗಿಂತ ಮೇಲೆ ಯಾರೂ ಇಲ್ಲ ಅಂದಮೇಲೆ ಅವನ ಕೆಳಗೆ ಗಂಡು ಹೆಣ್ಣು ಇಬ್ಬರೂ ಒಂದೇ ಗೆರೆಯಲ್ಲಿರಬೇಕು. ಒಬ್ಬರನ್ನ ಮೇಲಕ್ಕೇರಿಸಿದರೆ ದೇವರ ಜಾಗಕ್ಕೇ ಕೈ ಹಾಕಿದಂತೆ. ಇದನ್ನ ಪಶ್ಚಿಮದಿಂದ ತಂದ ಸ್ತ್ರೀವಾದ ಅಂತ ತಳ್ಳಿಹಾಕೋದು ಕಷ್ಟ. ಇಸ್ಲಾಮಿನ ಮೊದಲ ಪಾಠದಿಂದಲೇ ಎತ್ತಿಕೊಂಡ ವಾದ ಇದು.

ನನಗೆ ತುಂಬಾ ಹಿಡಿಸಿದ್ದು ಕೇಪ್‌ಟೌನ್ ಭಾಗ. 1994ರಲ್ಲಿ ಅಲ್ಲಿನ ಕ್ಲೇರ್ಮಾಂಟ್ ಮಸೀದಿಯಲ್ಲಿ ಶುಕ್ರವಾರದ ಪ್ರವಚನಕ್ಕೆ ಅವರು ಎದ್ದು ನಿಂತಾಗ, ದೇವರಿಗೆ ಶರಣಾಗೋದು ಅಂದ್ರೇನು ಅಂತ ವಿವರಿಸೋಕೆ ಬಸಿರು, ಹೆರಿಗೆಯ ಮಾತು ತೆಗೆದರು. ಐದು ಮಕ್ಕಳ ತಾಯಿ ಅವರು. ಶುಕ್ರವಾರದ ಮಸೀದಿಯಲ್ಲಿ ಈ ಉದಾಹರಣೆ ಎಷ್ಟು ಜನ ಕೇಳಿರ್ತಾರೆ ಹೇಳಿ! ಗಂಡಸಿನ ಜಾಗದಲ್ಲಿ ಹೆಂಗಸು ನಿಂತು ಅದೇ ಹಳೇ ಪ್ರವಚನ ಒಪ್ಪಿಸಿದ್ದರೆ ಬದಲಾಗ್ತಿದ್ದದ್ದು ದನಿ ಒಂದೇ. ಇಲ್ಲಿ ಹೆಣ್ಣಿನ ಮೈ ಕಂಡ ಅನುಭವ ಧರ್ಮವನ್ನ ಅರ್ಥಮಾಡಿಕೊಳ್ಳೋ ದಾರಿಯೇ ಆಗಿಬಿಡ್ತು.

ನನ್ನ ತಕರಾರು ಬೇರೆ. ತತ್ವ ಗಟ್ಟಿಯಾಗಿದೆ, ಜಮಾತ್ ಎಲ್ಲಿದೆ? ಹಿಂದೆ ನಿಲ್ಲೋಕೆ ಜನ ಒಪ್ಪಿದರೆ ತಾನೇ ಇಮಾಮ್? ನಮ್ಮ ಹಾಸನದ ಬಾನು ಮುಷ್ತಾಕ್ 2000ದಲ್ಲಿ ಕೇಳಿದ್ದು ಇಮಾಮ್ ಪಟ್ಟ ಅಲ್ಲ, ಹೆಂಗಸರಿಗೂ ಮಸೀದಿಯಲ್ಲಿ ನಮಾಜ್ ಮಾಡೋಕೆ ಬಿಡಿ ಅಂತ ಅಷ್ಟೇ. ಅದಕ್ಕೇ ಬಹಿಷ್ಕಾರ ಹಾಕಿದರು. 2018ರ ಜನವರಿ 26ರಂದು ಕೇರಳದ ವಂಡೂರಿನಲ್ಲಿ ಜಾಮಿದಾ ಜುಮಾ ಮಾಡಿಸಿದಾಗಲೂ ಬೆದರಿಕೆಗಳೇ ಬಂದವು.

ಚೀನಾದ ಕಡೆ ನೋಡಿದರೆ ಸಂಗತಿ ಬೇರೆ ಥರ ಇದೆ. ಹೆನಾನ್ ಪ್ರಾಂತ್ಯದ ಕೈಫೆಂಗ್‌ನಂಥ ಊರುಗಳಲ್ಲಿ ಹುಯಿ ಮುಸ್ಲಿಮರ ಹೆಂಗಸರಿಗೇ ಅಂತ ಮಸೀದಿಗಳಿವೆ. ಕೆಲವಕ್ಕೆ ಶತಮಾನ ದಾಟಿದೆ. ಅಲ್ಲಿ ಹೆಣ್ಣು ‘ಅಹೊಂಗ್’ಗಳೇ ಹೆಂಗಸರಿಗೆ ನಮಾಜ್ ಮಾಡಿಸ್ತಾರೆ, ಓದು ಕಲಿಸ್ತಾರೆ, ತೀರಿಹೋದ ಹೆಂಗಸರ ಮೈ ತೊಳೀತಾರೆ. ಗಂಡಸರ ಮುಂದೆ ಅವರು ನಿಲ್ಲಲ್ಲ, ನಿಜ. ಆದರೆ ಆ ಮಸೀದಿಗಳು ಒಂದು ಶುಕ್ರವಾರಕ್ಕೆ ಮುಗಿದು ಹೋಗೋವಂಥವಲ್ಲ. ವದೂದ್ ಪುಸ್ತಕದಲ್ಲಿ ನಾನು ಹುಡುಕಿದ್ದು ಇಂಥ ಬದುಕಿನ ವಿವರ, ಸಿಕ್ಕಿದ್ದು ಕಡಿಮೆ.

ಹಾಗಂತ ಓದದೇ ಬಿಡಬೇಡಿ. ಪೂರ್ತಿ ಓದೋ ಪುರುಸೊತ್ತಿಲ್ಲದವರು ಕೇಪ್‌ಟೌನ್ ಅಧ್ಯಾಯದಿಂದಲೇ ಶುರು ಮಾಡಿ.