‘ತೊಟ್ಟಿ’ಯೊಳಗೆ ಕೇಳುವ ದೊಡ್ಡಿ

ತಮಿಳು ಲಿಪಿಯಲ್ಲಿ ಟಕಾರ ಡಕಾರಗಳಿಗೆ, ತಕಾರ ದಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಎಸ್. ಬಾಲಮುರುಗನ್ ಅವರ ತಮಿಳು ಕಾದಂಬರಿ ‘ಸೋಳಗರ್ ತೊಟ್ಟಿ’ (2004)ಯ ಹೆಸರನ್ನು ಓದುವ ಅಂಚೆಟ್ಟಿ, ಡೆಂಕಣಿಕೋಟೆ ಸೀಮೆಯ ಕನ್ನಡಿಗರ ಕಿವಿಗೆ ತಮ್ಮ ಊರ ಹೆಸರುಗಳ ಕೊನೆಯ ‘ದೊಡ್ಡಿ’ಯೇ ಕೇಳಿಸುವುದು ಸಹಜ. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರವಾದುದರಿಂದ ಕೃತಿಯೂ ತಮ್ಮದೇ ಎನಿಸುತ್ತದೆ. ಈ ಆಪ್ತತೆಯನ್ನೇ ವಿಮರ್ಶೆ ಪರೀಕ್ಷಿಸಬೇಕಾಗಿದೆ.

ಕಾದಂಬರಿಗೆ ಎರಡು ಭಾಗಗಳಿವೆ. ಮೊದಲನೆಯದು ಬೇಟೆ, ಬೇಸಾಯ, ಹಬ್ಬ, ಮದುವೆಗಳ ಕಾಡಿನ ಬದುಕು. ಎರಡನೆಯದು ವೀರಪ್ಪನ್ ಬೇಟೆಯ ನೆಪದಲ್ಲಿ ವಿಶೇಷ ಕಾರ್ಯಪಡೆ ನಡೆಸಿದ ಹಿಂಸೆ. ಮೊದಲ ಭಾಗವನ್ನು ಜನಾಂಗ ವಿವರಣೆಯೆಂದೂ ಎರಡನೆಯದನ್ನು ದಾಖಲೆಯೆಂದೂ ಬೇರ್ಪಡಿಸಿ ಓದಿದರೆ ಕೃತಿಯ ತರ್ಕ ಮುರಿಯುತ್ತದೆ. ಹೆಣ್ಣು ಏನನ್ನು ಕಳೆದುಕೊಂಡಳು ಎಂಬುದರ ಅಳತೆಗೋಲು ಇರುವುದು ಮೊದಲ ಭಾಗದಲ್ಲಿ. ಅದಿಲ್ಲದೆ ಎರಡನೆಯ ಭಾಗದ ಹೆಣ್ಣು ಬರಿಯ ಗಾಯಗೊಂಡ ದೇಹವಾಗಿ ಉಳಿಯುತ್ತಾಳೆ.

ನ್ಯಾಯಾಲಯದ ಭಾಷೆಯ ಮಿತಿಯೂ ಇದೇ. 1992ರ ಜೂನ್ 20ರಂದು ವಾಚಾತಿಯಲ್ಲಿ ನಡೆದ ದಾಳಿಯಲ್ಲಿ 18 ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಆಗ ಹೊಸೂರು, ಕೃಷ್ಣಗಿರಿಗಳೂ ಅದೇ ಧರ್ಮಪುರಿ ಜಿಲ್ಲೆಗೆ ಸೇರಿದ್ದವು. 269 ಆರೋಪಿಗಳಲ್ಲಿ 54 ಮಂದಿ ತೀರ್ಪಿಗೆ ಮೊದಲೇ ತೀರಿಕೊಂಡರು. ಉಳಿದ 215 ಮಂದಿಯೂ 2011ರಲ್ಲಿ ಅಪರಾಧಿಗಳೆಂದು ತೀರ್ಮಾನವಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಪ್ರತಿ ಸಂತ್ರಸ್ತೆಗೆ 10 ಲಕ್ಷ ರೂಪಾಯಿ ಪರಿಹಾರದ ಜೊತೆಗೆ ಉದ್ಯೋಗ ಅಥವಾ ಸ್ವಯಂ ಉದ್ಯೋಗದ ನೆರವನ್ನೂ ವಿಧಿಸಿತು. ಉದ್ಯೋಗದ ಮಾತು ಬಂದಲ್ಲಿ ತೀರ್ಪು ಗಾಯವನ್ನು ದಾಟಿ ಬದುಕಿನ ಕಡೆಗೆ ಮುಖಮಾಡುತ್ತದೆ. ಆದರೆ ಈ ಮಾತು ಬರಲು ಮೂವತ್ತೊಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಹೆಂಗಸರು ಒಡೆದ ಮನೆಗಳಿಗೆ ಮರಳಿ, ಒಲೆ ಹೊತ್ತಿಸಿ, ಮತ್ತೆ ಮತ್ತೆ ಸಾಕ್ಷಿ ನುಡಿದಾಗಿತ್ತು. ಮರಳಿ ಕಟ್ಟುವ ಈ ದೀರ್ಘ ಕಾಲಕ್ಕೆ ತೀರ್ಪಿನಲ್ಲಿ ವ್ಯಾಕರಣವಿಲ್ಲ. ಹಿಂಸೆಯನ್ನೇ ಎರಡನೆಯ ಭಾಗದ ಕೇಂದ್ರವಾಗಿಸಿಕೊಂಡ ಕಾದಂಬರಿಯೂ ಅದಕ್ಕೆ ಸಾಕಷ್ಟು ಪುಟಗಳನ್ನು ಕೊಟ್ಟಿಲ್ಲವೆಂಬುದು ಅದರ ನಿಜವಾದ ಕೊರತೆ.

ಕನ್ನಡದ ಓದಿಗೆ ಇನ್ನೊಂದು ಹೊಣೆಯಿದೆ. ಆ ಕಾರ್ಯಾಚರಣೆಯಲ್ಲಿ ಕರ್ನಾಟಕದ ಪಡೆಯೂ ಇತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ವಿಚಾರಣೆ ಎರಡೂ ರಾಜ್ಯಗಳ ಪಡೆಗಳ ಕುರಿತಾದದ್ದು. 2007ರಲ್ಲಿ 89 ಮಂದಿಗೆ ಪರಿಹಾರ ಘೋಷಣೆಯಾಯಿತು. ಸೋಲಿಗರು ನಡೆದುಕೊಳ್ಳುವ ಮಾದಪ್ಪನ ಬೆಟ್ಟದಲ್ಲೇ ಪಡೆಯ ಶಿಬಿರವಿತ್ತು. ಅಲ್ಲಿ ಕನ್ನಡ ಸಂತ್ರಸ್ತರಿಗೆ ಹತ್ತಿರದ ನುಡಿಯಾಗಿದ್ದಂತೆ, ಪ್ರಶ್ನಿಸುವವರ ನುಡಿಯೂ ಆಗಿತ್ತು.

ಆದ್ದರಿಂದ ಈ ಕೃತಿಯನ್ನು ಕನ್ನಡಕ್ಕೆ ತರುವುದನ್ನು ‘ತವರಿಗೆ ಮರಳುವಿಕೆ’ ಎಂದು ಬಣ್ಣಿಸಲಾಗದು. ಸೋಲಿಗ ಹೆಣ್ಣಿನ ಮಾತು ಶಿಷ್ಟ ಕನ್ನಡದಲ್ಲಿ ಕರಗಿದರೆ ಅವಳು ಇನ್ನೊಮ್ಮೆ ಸ್ಥಳಾಂತರಗೊಂಡಂತೆ. ‘ತೊಟ್ಟಿ’ಯೊಳಗೆ ದೊಡ್ಡಿಯನ್ನು ಕೇಳುವ ಕಿವಿ, ಕನ್ನಡದೊಳಗೇ ಕನ್ನಡವಾಗದೆ ಉಳಿಯುವ ದನಿಯನ್ನೂ ಕೇಳಬೇಕು. ಗಡಿನಾಡಿನ ದ್ವಿಭಾಷಿಕ ಓದುಗರಿಂದ ಈ ಕೃತಿ ನಿರೀಕ್ಷಿಸುವ ಕೆಲಸ ಅದೇ.